ನೇರಳೆ ಮೇಲೆ, ಕೆಂಪು ಕೆಳಗೆ

ಪ್ರಭಂಜನ ತೀರಿಕೊಂಡ ಸುದ್ದಿ ಅವನ ಅಕ್ಕ ಇಂದುಮತಮ್ಮನಿಗೆ ತಿಳಿಯುವ ಹೊತ್ತಿಗೆ ಆಸ್ಟಿನ್ ಊರಿನ ಅರ್ಧ ಕನ್ನಡಿಗರು ಕೈಮುಗಿದು ಮುಗಿಸಿದ್ದರು. ಶುಕ್ರವಾರ ಬೆಳಿಗ್ಗೆ, ಪಕ್ಕದ ಲಿಯಾಂಡರ್‌ನಲ್ಲಿರುವ ಮಗಳ ಮನೆಯಲ್ಲಿ, ದೇವರ ನೈವೇದ್ಯಕ್ಕೆ ಹಾಲು ಕಾಯಲಿಟ್ಟು ಆಕೆ ಫೋನು ಕೈಗೆತ್ತಿಕೊಂಡರು. ‘ಹಿರಿಯರ ಬಳಗ’ ಎಂಬ ವಾಟ್ಸಾಪ್ ಗುಂಪಿನಲ್ಲಿ ತಮ್ಮನ ಮುಖ ಕಾಣಿಸಿತು. ಮುಖದ ಸುತ್ತ ಚೆಂಡುಹೂವಿನ ಚೌಕಟ್ಟು, ಎರಡೂ ಪಕ್ಕದಲ್ಲಿ ಮಿಣುಕುವ ದೀಪ, ಕೆಳಗೆ ‘ಓಂ ಶಾಂತಿ’. ಇವನಿಗೆ ಯಾವುದೋ ಸನ್ಮಾನವಾಗಿರಬೇಕೆಂದು ಆಕೆ ಮೊದಲು ತಿಳಿದರು. ಶಾಂತಿ ಎಂಬ ಮಾತು ಆಮೇಲೆ ಕಣ್ಣಿಗೆ ಬಿತ್ತು. ಅದರ ಕೆಳಗೆ ಮುಗಿದ ಕೈಗಳ ಚಿತ್ರಗಳು ಸಾಲುಗಟ್ಟಿದ್ದವು. ಒಬ್ಬರು ಅವಸರದಲ್ಲಿ ಹೆಬ್ಬೆರಳು ಎತ್ತಿ ಮೆಚ್ಚುಗೆ ಸೂಚಿಸಿದ್ದರು. ಇನ್ನೊಬ್ಬರು ಗುಲಾಬಿ ಹೂವಿನ ಜೊತೆ ಶುಭೋದಯ ಹೇಳಿ, ಸೀಡರ್ ಪಾರ್ಕಿನ ಅಂಗಡಿಗೆ ನುಗ್ಗೇಕಾಯಿ ಬಂದಿದೆಯೇ ಎಂದು ವಿಚಾರಿಸಿದ್ದರು.

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅಷ್ಟರಲ್ಲಿ ಮಗಳು ಶ್ರಾವಣಿ ಫೋನು ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿಬಂದಳು.

“ಅಮ್ಮ, ಸ್ವಲ್ಪ ಕೂತ್ಕೋ. ಪ್ರಭು ಮಾವ...”

“ಗೊತ್ತಾಯ್ತು. ನುಗ್ಗೇಕಾಯಿ ಕೇಳೋರಿಗೇ ಗೊತ್ತಾಗಿದೆ, ನನಗೆ ಗೊತ್ತಾಗಲ್ವೇ?” ಎಂದ ಇಂದುಮತಮ್ಮ ಅಡುಗೆಮನೆಯ ನೆಲದ ಮೇಲೆಯೇ ಕುಳಿತುಬಿಟ್ಟರು. ಅತ್ತದ್ದು ಆಮೇಲೆ.

ಪ್ರಭಂಜನ ಹೂಸ್ಟನ್‌ನ ಒಂದು ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಹೆಂಡತಿ ಹೋದ ಮೇಲೆ ಒಬ್ಬನೇ ಇದ್ದ. ಆ ದಿನ ನಸುಕಿನಲ್ಲೇ ಸಂಧ್ಯಾವಂದನೆ ಮುಗಿಸಿ, ಕಾಫಿ ಬೆರೆಸಿಕೊಂಡು ಕುರ್ಚಿಯಲ್ಲಿ ಕುಳಿತವನು ಏಳಲಿಲ್ಲ. ಸಂಧ್ಯಾವಂದನೆಯೂ ಭೌತಶಾಸ್ತ್ರವೂ ಅವನಿಗೆ ಒಂದೇ ಬೆಳಗಿನ ಎರಡು ಕೆಲಸಗಳಾಗಿದ್ದವು. ಎಲ್ಲಾದರೂ ವಿಗ್ರಹ ಕಣ್ಣೀರಿಟ್ಟಿತು, ಪಟದಿಂದ ವಿಭೂತಿ ಉದುರಿತು ಎಂದು ಯಾರಾದರೂ ಹೇಳಿದರೆ ಮಾತ್ರ ಅವನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. “ದೇವರು ಇಷ್ಟು ಚೆನ್ನಾಗಿ ನಿಯಮ ಮಾಡಿಟ್ಟಿದಾನೆ. ಅದನ್ನ ಮುರಿದು ತೋರಿಸು, ಆಗ ನಂಬ್ತೀನಿ ಅನ್ನೋದು ಭಕ್ತಿಯೇ ಅಕ್ಕ? ಅದು ಅವನಿಗೆ ಅವಮಾನ” ಎನ್ನುತ್ತಿದ್ದ. ಪ್ರಸಾದದ ತೆಂಗಿನಕಾಯಿಯಲ್ಲಿ ಹೂವು ಸಿಕ್ಕರೂ ಕಣ್ಣಿಗೊತ್ತಿಕೊಳ್ಳುವ ಇಂದುಮತಮ್ಮ ಈ ಮಾತಿಗೆ ಹೂಂ ಎಂದೂ ಹೇಳುತ್ತಿರಲಿಲ್ಲ, ಊಹೂಂ ಎಂದೂ ಹೇಳುತ್ತಿರಲಿಲ್ಲ.

ದಹನವೆಲ್ಲ ಹೂಸ್ಟನ್‌ನಲ್ಲಿ ಮುಗಿಯಿತು. ಮಿಕ್ಕ ಕರ್ಮಗಳು ಡಲ್ಲಾಸ್ ಹತ್ತಿರ ಸೌತ್‌ಲೇಕ್‌ನಲ್ಲಿ, ಒಬ್ಬನೇ ಮಗ ದುಷ್ಯಂತನ ಮನೆಯಲ್ಲಿ ನಡೆಯಬೇಕೆಂದು ಗೊತ್ತಾಯಿತು. ಇಂದುಮತಮ್ಮನನ್ನು ಶ್ರಾವಣಿ ಡ್ರೈವ್ ಮಾಡಿಕೊಂಡು ಕರೆತಂದಳು. ದುಷ್ಯಂತನ ಮನೆ ದೊಡ್ಡದು. ಎಷ್ಟು ದೊಡ್ಡದೆಂದರೆ ಗಂಡ ಹೆಂಡತಿ ಊಟಕ್ಕೆ ಕರೆಯಲು ಫೋನು ಮಾಡಿಕೊಳ್ಳುತ್ತಿದ್ದರು. ಮುಂಬಾಗಿಲು ತೆರೆದರೆ ಎರಡು ಅಂತಸ್ತು ಎತ್ತರದ ಹಜಾರ. ಎದುರುಗೋಡೆಯಲ್ಲಿ ಒಂದು ದಿನವೂ ಬೆಂಕಿ ಕಾಣದ ಅಗ್ಗಿಷ್ಟಿಕೆ. ಬಾಗಿಲ ಮೇಲೆ, ಆಳೆತ್ತರವನ್ನೂ ಮೀರಿ, ಅಗಲವಾದ ಒಂದು ಕಿಟಕಿ. ಬಿಸಿಲು ಬಿದ್ದರೆ ಟಿವಿ ಕಾಣುವುದಿಲ್ಲವೆಂದು ಆ ಕಿಟಕಿಗೆ ರಿಮೋಟಿನಿಂದ ಇಳಿಯುವ ಪರದೆ ಹಾಕಿಸಿ, ಮನೆ ಕೊಂಡಾಗಿನಿಂದ ಅದನ್ನು ಮುಚ್ಚಿಯೇ ಇಟ್ಟಿದ್ದರು.

ಹೋದ ಗಳಿಗೆಯಲ್ಲೇ ಜಗಳ ಹತ್ತಿತು. ಹನ್ನೆರಡನೆಯ ದಿನದ ಸಪಿಂಡೀಕರಣ ಮಂಗಳವಾರ ಬೀಳುತ್ತಿತ್ತು.

“ಮಂಗಳವಾರ ಯಾರು ಬರ್ತಾರೆ ಅತ್ತೆ? ವೀಕ್‌ಡೇ. ನನಗೂ ಅವತ್ತು ಆಫೀಸಿನಲ್ಲಿ ರಿಲೀಸ್ ಇದೆ. ಶನಿವಾರಕ್ಕೆ ಶಿಫ್ಟ್ ಮಾಡಿದರೆ ಹಾಲ್ ಬುಕ್ ಮಾಡಿ ಎಲ್ಲರನ್ನೂ ಕರೀಬಹುದು” ಎಂದ ದುಷ್ಯಂತ.

“ಇದೇನು ಹುಟ್ಟಿದಹಬ್ಬವೇ, ಶಿಫ್ಟ್ ಮಾಡೋಕೆ?” ಎಂದರು ಇಂದುಮತಮ್ಮ. “ಆ ಕರ್ಮ ಆಗೋವರೆಗೂ ಹೋದವನು ಇಲ್ಲಿಯವನೂ ಅಲ್ಲ, ಅಲ್ಲಿಯವನೂ ಅಲ್ಲ ಕಣೋ. ಹಸಿದುಕೊಂಡು ದಾರಿಯಲ್ಲಿ ನಿಂತಿರ್ತಾನೆ. ಅವತ್ತು ನೀನು ಪಿಂಡ ಕೂಡಿಸಿದರೆ ತಾನೆ ಅವನು ಅಪ್ಪ ತಾತಂದಿರ ಪಂಕ್ತಿಗೆ ಹೋಗಿ ಕೂರೋದು? ನಿಮ್ಮ ಹಾಲ್ ಖಾಲಿ ಇಲ್ಲ ಅಂತ ಅವನು ಇನ್ನೂ ನಾಲ್ಕು ದಿನ ಬೀದಿಯಲ್ಲಿ ನಿಲ್ಲಬೇಕೇ?”

ಪುರೋಹಿತ ಭಾಸ್ಕರ ಭಟ್ಟರು ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತಿದ್ದರು. ಮಂತ್ರ ಹೇಳುತ್ತಿದ್ದದ್ದು ಶನಿವಾರ ಭಾನುವಾರ. ಅವರನ್ನು ಕೇಳಿದಾಗ, “ಶಾಸ್ತ್ರ ಕೇಳಿದರೆ ಮಂಗಳವಾರ, ಅನುಕೂಲ ಕೇಳಿದರೆ ಶನಿವಾರ. ನೀವು ಯಾವುದು ಕೇಳ್ತಿದೀರಿ ಹೇಳಿ” ಎಂದರು. ಇಂದುಮತಮ್ಮ ಮಂಗಳವಾರವನ್ನೇ ಹಿಡಿದು ಕುಳಿತರು. ದುಷ್ಯಂತ ಸೋತು ಒಪ್ಪಿದ. ಅವನ ಹೆಂಡತಿ ತುಳಸಿ ಹಾಲ್‌ನವರಿಗೆ ಮುಂಗಡ ಕೊಟ್ಟಿದ್ದಳೆಂದು ಕಾಣುತ್ತದೆ, ಪಾತ್ರೆಗಳನ್ನು ಜೋರಾಗಿ ಇಟ್ಟಳು.

ಇದು ಹೀಗೆ ತೀರ್ಮಾನವಾಯಿತು ಎನ್ನುವಾಗ ಪ್ರಭಂಜನನ ದೊಡ್ಡ ಪಟ ಅಂಗಡಿಯಿಂದ ಬಂತು. ಅದನ್ನು ಅಗ್ಗಿಷ್ಟಿಕೆಯ ಮೇಲೆ ಎತ್ತರದಲ್ಲಿ ತೂಗುಹಾಕಿ ಗಂಧದ ಹಾರ ಹಾಕಿದರು. ನೋಡಲು ಬರುವವರಿಗೆ ಹಜಾರ ಕತ್ತಲೆಯಾಗಿ ಕಾಣಬಾರದೆಂದು ತುಳಸಿ ಬಾಗಿಲ ಮೇಲಿನ ಕಿಟಕಿಯ ಪರದೆ ಎತ್ತಿಸಿದಳು.

ಮಾರನೆಯ ದಿನ, ಶುಕ್ರವಾರ ಬೆಳಿಗ್ಗೆ, ಬಿಸಿಲೇರಿದ ಮೇಲೆ, ಪಟದ ಮೇಲೆ ಬಣ್ಣದ ಪಟ್ಟಿಯೊಂದು ಕಾಣಿಸಿಕೊಂಡಿತು. ಮೊದಲು ಹಾರದ ಮೇಲೆ, ಆಮೇಲೆ ಗಲ್ಲದ ಮೇಲೆ, ಆಮೇಲೆ ಸರಿಯಾಗಿ ಹಣೆಯ ಮೇಲೆ. ಕೆಂಪು, ಹಳದಿ, ಹಸಿರು, ನೀಲಿ, ನೇರಳೆ. ರೇಷ್ಮೆ ಸೀರೆಯ ಅಂಚಿನ ಹಾಗೆ ತಿಳಿಯಾಗಿ ಹೊಳೆಯುತ್ತಿತ್ತು. ಪಕ್ಕದ ಮನೆಯ ಹುಬ್ಬಳ್ಳಿಯವರ ತಾಯಿ ಶಾಂತವ್ವ ಹೂವು ಕೊಡಲು ಬಂದವರು ಬಾಗಿಲಲ್ಲೇ ನಿಂತು ಕೂಗಿದರು.

“ಅಯ್ಯ ಶಿವನ! ಮಾಸ್ತರ ಮಾರಿ ಮ್ಯಾಲ ಬೆಳಕ ನೋಡ್ರಿ! ಬಂದಾರ್ರಿ ಅವರು, ಬಂದಾರ!”

ಇಂದುಮತಮ್ಮನೂ ಓಡಿಬಂದು ನೋಡಿದರು. ನೋಡಿದವರು ಕೈಮುಗಿದರು. ಕಣ್ಣು ತುಂಬಿ ಬಂತು. ಹೀಗೆ ಕೈಮುಗಿದು ನಿಂತಾಗಲೇ, ಮುಗಿದ ಕೈಗಳ ಹಿಂದೆ, ತಮ್ಮ ಗದರಿದ ಹಾಗಾಯಿತು. ಆಕೆ ಕೈ ಇಳಿಸಿದರು.

ಮನೆಯಲ್ಲಿ ಬೇರೆ ಯಾರೂ ಕೈ ಇಳಿಸಲಿಲ್ಲ. ದುಷ್ಯಂತನಂತೂ ಪಟದ ಮುಂದೆ ಕಂಬದ ಹಾಗೆ ನಿಂತಿದ್ದ. ಅವನ ಕೆಲಸ ರಿಚರ್ಡ್‌ಸನ್‌ನಲ್ಲಿ, ಗಾಜಿನ ಎಳೆಗಳಲ್ಲಿ ಬೆಳಕು ಕಳಿಸುವ ಕಂಪನಿಯಲ್ಲಿ. ಗಾಜಿನಲ್ಲಿ ಬೆಳಕು ಹೇಗೆ ಬಾಗುತ್ತದೆಂದು ತಿಳಿದಿರುವುದಕ್ಕೇ ಅವನಿಗೆ ಸಂಬಳ ಬರುತ್ತಿತ್ತು. ಆ ತಿಳುವಳಿಕೆಯನ್ನು ಅವನು ಗುರುತಿನ ಬಿಲ್ಲೆಯ ಜೊತೆ ಆಫೀಸಿನಲ್ಲೇ ಬಿಟ್ಟುಬಂದಿರಬೇಕು ಎಂದುಕೊಂಡರು ಇಂದುಮತಮ್ಮ.

ತುಳಸಿ ವಿಡಿಯೋ ಮಾಡಿ ಗೊತ್ತಿದ್ದವರಿಗೆಲ್ಲ ಕಳಿಸಿದಳು. ಶನಿವಾರ ಹೂಸ್ಟನ್‌ನಿಂದ ವಾಸ್ತು ನಂದಕುಮಾರ್ ಬಂದಿಳಿದರು. ಒಂದು ಕಾಲದಲ್ಲಿ ಮನೆಸಾಲ ಕೊಡಿಸುವ ದಲ್ಲಾಳಿಯಾಗಿದ್ದವರು ಇವರು. ಜನ ಸಾಲ ಮಾಡಿ ಕೊಂಡ ಮನೆಗಳಲ್ಲಿ ಈಗ ದೋಷ ಹುಡುಕಿ ಕೊಡುತ್ತಿದ್ದರು. ರೇಷ್ಮೆ ಜುಬ್ಬ, ಕೊರಳಲ್ಲಿ ಸ್ಫಟಿಕದ ಸರ. ಪಟದ ಮುಂದೆ ಕಣ್ಣುಮುಚ್ಚಿ ನಿಂತು, ಒಂದು ಕಣ್ಣು ತೆರೆದು ಜನ ಎಷ್ಟಿದ್ದಾರೆಂದು ನೋಡಿ, ಮತ್ತೆ ಮುಚ್ಚಿದರು.

“ಏಳು ಬಣ್ಣ ಅಂದ್ರೆ ಏಳು ಚಕ್ರ. ಸಾರ್ ಆತ್ಮ ಈ ಮನೆ ಎನರ್ಜಿಗೆ ಕನೆಕ್ಟ್ ಆಗಿಬಿಟ್ಟಿದೆ. ಮಂಗಳವಾರ ಕರ್ಮ ಮಾಡಿ ಬಲವಂತವಾಗಿ ಡಿಸ್ಕನೆಕ್ಟ್ ಮಾಡಬಾರದು. ಬರೋ ಶನಿವಾರದ ತನಕ ದರ್ಶನ ಕೊಡ್ತಾರೆ. ಆಮೇಲೆ ಅವರಾಗಿಯೇ ಹೊರಡ್ತಾರೆ.”

“ಯಾಕೆ ನಂದಕುಮಾರ್, ಅವನಿಗೂ ವಾರದ ದಿನ ರಜಾ ಸಿಗಲ್ವೇ?” ಎಂದು ಇಂದುಮತಮ್ಮ ಕೇಳಿದರು.

ತುಳಸಿ ಹಾಲ್‌ನವರಿಗೆ ಫೋನು ಮಾಡಿದಳು. ಭಾಸ್ಕರ ಭಟ್ಟರು ಶಾಸ್ತ್ರದಲ್ಲಿ ಇಂಥ ಸಂದರ್ಭಕ್ಕೆ ಸ್ಪಷ್ಟ ವಿಧಿ ಇಲ್ಲವೆಂದು ಹೇಳಿ, ಮಂಗಳವಾರದ ತಮ್ಮ ಅರ್ಧ ದಿನದ ರಜೆಯನ್ನು ಹಿಂದಕ್ಕೆ ಪಡೆದರು. ದುಷ್ಯಂತ ಅತ್ತೆಯ ಕಣ್ಣು ತಪ್ಪಿಸಿ ಓಡಾಡತೊಡಗಿದ. ಹೀಗೆ ಪ್ರಭಂಜನನನ್ನು ಬೀದಿಯಲ್ಲಿ ನಿಲ್ಲಿಸುವುದು ಖಚಿತವಾಯಿತು.

ಭಾನುವಾರ ಹಜಾರದ ತುಂಬ ಜನ. ಸೂತಕದ ಮನೆಯಲ್ಲಿ ಏನೂ ಮುಟ್ಟಬಾರದೆಂದು ತಿಳಿದವರು ತಮ್ಮ ತಮ್ಮ ಕಾಫಿಯ ಕಾಗದದ ಲೋಟಗಳನ್ನು ಹೊರಗಿನಿಂದಲೇ ತಂದಿದ್ದರು. ಎಲ್ಲರೂ ಫೋನನ್ನು ಪಟದ ಕಡೆಗೆ ಎತ್ತಿ ಹಿಡಿದಿದ್ದರು. ಮಧ್ಯೆ ಒಂದು ಮೋಡ ಬಂತು, ಬಣ್ಣ ಮಾಯವಾಯಿತು.

“ಅಯ್ಯೋ, ಅಂಕಲ್‌ಗೆ ಬೇಜಾರಾಯ್ತು. ಎಲ್ಲ ಫೋನ್ ಸೈಲೆಂಟ್ ಮಾಡಿ, ಪ್ಲೀಸ್!” ಎಂದು ಯಾರೋ ಕೂಗಿದರು.

ಫೋನುಗಳು ಸೈಲೆಂಟ್ ಆದವು. ಮೋಡ ಹೋಯಿತು. ಬಣ್ಣ ಬಂತು. ಜನ ಚಪ್ಪಾಳೆ ತಟ್ಟಿದರು.

ಮೂಲೆಯ ಕುರ್ಚಿಯಲ್ಲಿ ಜಪಸರ ಹಿಡಿದು ಕುಳಿತಿದ್ದ ಇಂದುಮತಮ್ಮನ ಬೆರಳು ನಿಂತಿತು. ಮೋಡಕ್ಕೆ ಹೆದರಿ ಅಡಗುವ ಆತ್ಮವನ್ನು ಆಕೆ ಇದುವರೆಗೆ ಕೇಳಿರಲಿಲ್ಲ. ಒಂದು ಸಲ ತಮ್ಮನ ಕಾರಿನಲ್ಲಿ ಹೂಸ್ಟನ್‌ನಿಂದ ಡಲ್ಲಾಸಿಗೆ ಬಂದದ್ದು ನೆನಪಾಯಿತು. ಕಾಮನಬಿಲ್ಲು ಕಂಡು ಆಕೆ ಏನೋ ಕೇಳಿದ್ದರು. ಅವನಿಗೆ ಅಷ್ಟೇ ಸಾಕಾಗಿತ್ತು.

“ನೋಡು ಅಕ್ಕ, ಈಗ ಗಾಡಿಯ ಬಲಗಡೆ ಚಕ್ರ ಮಣ್ಣಿಗೆ ಇಳಿಸ್ತೀನಿ” ಎಂದು ನಿಜವಾಗಿಯೂ ಇಳಿಸಿಬಿಟ್ಟಿದ್ದ. ಕಾರು ಬಲಕ್ಕೆ ಎಳೆಯಿತು. ಇಂದುಮತಮ್ಮ ರಾಮ ರಾಮ ಎಂದು ಸೀಟು ಹಿಡಿದುಕೊಂಡರು. “ಬಲಗಡೆ ಚಕ್ರ ನಿಧಾನ ಆಯ್ತು, ಎಡಗಡೆಯದು ಇನ್ನೂ ಓಡ್ತಿದೆ, ಗಾಡಿ ತಿರುಗ್ತು. ಬೆಳಕೂ ಅಷ್ಟೇ. ಗಾಜಿನೊಳಗೆ ಅದರ ಓಟ ನಿಧಾನ. ಓರೆಯಾಗಿ ಹೊಕ್ಕರೆ ಬಾಗುತ್ತೆ.”

“ಮತ್ತೆ ಬಣ್ಣ ಎಲ್ಲಿಂದ ಬರುತ್ತೋ? ಮೊದಲು ಗಾಡಿ ರಸ್ತೆಗೆ ಹತ್ತಿಸು ಮಾರಾಯ.”

“ಬಣ್ಣ ಗಾಜು ಕೊಡೋದಲ್ಲ ಅಕ್ಕ, ಬಿಳೀ ಬೆಳಕಿನಲ್ಲೇ ಇರುತ್ತೆ. ಎಲ್ಲ ಬಣ್ಣವೂ ಒಟ್ಟಿಗೆ ಹೊರಟ ದಿಬ್ಬಣ ಅದು. ಗಾಜಿನಲ್ಲಿ ಕೆಂಪು ಸ್ವಲ್ಪ ನಿಧಾನ ಆಗುತ್ತೆ, ಸ್ವಲ್ಪ ಬಾಗುತ್ತೆ. ನೇರಳೆ ಎಲ್ಲಕ್ಕಿಂತ ನಿಧಾನ, ಎಲ್ಲಕ್ಕಿಂತ ಹೆಚ್ಚು ಬಾಗುತ್ತೆ. ಮುಮ್ಮೂಲೆ ಗಾಜು ಅಂದರೆ ಪ್ರಿಸಂ ಇಟ್ಟರೆ, ಒಳಗೆ ಹೋಗುವಾಗಲೂ ಬಾಗುತ್ತೆ, ಹೊರಗೆ ಬರುವಾಗಲೂ ಬಾಗುತ್ತೆ. ಎರಡು ಸಲವೂ ದಪ್ಪ ಇರೋ ಕಡೆಗೇ. ಆಗ ಜೊತೆ ಬಿಟ್ಟು ಒಂದೊಂದೂ ಒಂದೊಂದು ದಾರಿ ಹಿಡಿಯುತ್ತೆ.”

ಹಿಂದೆ ಬಂದ ಪೊಲೀಸಿನವನು ಕಾರು ನಿಲ್ಲಿಸಿ ವಿಚಾರಿಸಿದಾಗ ಅವನಿಗೂ ಇದೇ ಪಾಠ ಹೇಳಿದ್ದ. ಪೊಲೀಸಿನವನು ಗಮನವಿಟ್ಟು ಕೇಳಿ, ಬಾಯಿ ವಾಸನೆ ನೋಡಿದ್ದ.

ಇಂದುಮತಮ್ಮ ಕಣ್ಣೊರೆಸಿಕೊಂಡು ಹಜಾರವನ್ನು ಹೊಸದಾಗಿ ನೋಡಿದರು. ಬದಿಯ ಕಿಟಕಿಗಳಿಂದ ಬಂದ ಬಿಸಿಲೆಲ್ಲ ಬಿಸಿಲಿನಂತೆಯೇ ಕೆಳಕ್ಕಿಳಿದು ನೆಲದ ಮೇಲೆ ಬಿದ್ದಿತ್ತು. ಈ ಬಣ್ಣದ ಪಟ್ಟಿ ಮಾತ್ರ ನೆಲಕ್ಕೆ ಇಳಿಯದೆ ಎದುರುಗೋಡೆಯ ಎತ್ತರಕ್ಕೆ ಹೋಗಿ ಕುಳಿತಿತ್ತು. ಕೆಳಗಡೆ ಕೆಂಪು, ಮೇಲ್ಗಡೆ ನೇರಳೆ. ನೇರಳೆ ಹೆಚ್ಚು ಬಾಗುವುದಾದರೆ, ನೇರಳೆ ಮೇಲಿರುವುದಾದರೆ, ಇಳಿಯಬೇಕಾಗಿದ್ದ ಬೆಳಕನ್ನು ದಾರಿಯಲ್ಲಿ ಏನೋ ಮೇಲಕ್ಕೆತ್ತಿದೆ. ಅದರ ದಪ್ಪ ಭಾಗ ಮೇಲಿದೆ. ಆಕೆ ತಲೆಯೆತ್ತಿ ಬಾಗಿಲ ಮೇಲಿನ ಕಿಟಕಿಯನ್ನು ನೋಡಿದರು. ಆಮೇಲೆ ಮಂಡಿ ಹಿಡಿದುಕೊಂಡು ಮಹಡಿಯ ಮೆಟ್ಟಿಲು ಹತ್ತಿದರು.

ಮಹಡಿಯಲ್ಲಿ ಹಜಾರಕ್ಕೆ ತೆರೆದ ಕಾರಿಡಾರು ಆ ಕಿಟಕಿಗೆ ತಾಗಿಕೊಂಡೇ ಹೋಗುತ್ತಿತ್ತು. ಕಿಟಕಿಯ ಗಾಜಿಗೆ ಅಂಟಿಸಿದ್ದ ಒಂದು ಗೇಣುದ್ದದ ಮುಮ್ಮೂಲೆ ಗಾಜು ಅಲ್ಲಿತ್ತು. ಚಪ್ಪಟೆ ಮುಖ ಮೇಲೆ, ಚೂಪು ಅಂಚು ಕೆಳಗೆ. ಅದರ ಪಕ್ಕದಲ್ಲಿ ಬಂಗಾರದ ಬಣ್ಣದ ಚೀಟಿ: ‘ದಕ್ಷಿಣ ದ್ವಾರ ದೋಷ ನಿವಾರಕ’. ಕೆಳಗೆ ನಂದಕುಮಾರರ ಹೆಸರು, ಫೋನ್ ನಂಬರು. ಮನೆ ಕೊಂಡಾಗ ಅಂಟಿಸಿಹೋದದ್ದು. ಆಮೇಲೆ ಪರದೆ ಇಳಿಯಿತು. ಬಿಸಿಲನ್ನೇ ಕಾಣದೆ ಅದು ಇಷ್ಟು ದಿನ ಕತ್ತಲಲ್ಲಿ ದೋಷ ನಿವಾರಿಸುತ್ತಿತ್ತು.

ಇಂದುಮತಮ್ಮ ಸೆರಗನ್ನು ಅದರ ಮೇಲೆ ಮುಚ್ಚಿದರು. ಕೆಳಗೆ “ಅಯ್ಯೋ!” ಎಂದು ಕೂಗೆದ್ದಿತು. ಸೆರಗು ತೆಗೆದರು. “ಗೋವಿಂದಾ!” ಎಂದಿತು ಹಜಾರ. ಮುಚ್ಚಿದರು, ತೆಗೆದರು.

“ಇಲ್ನೋಡಿ! ಇಲ್ಲಿ ಗಾಜು ಅಂಟಿಸಿದಾರೆ! ಬೆಳಕು ಬಾಗಿ ಅಲ್ಲಿಗೆ ಬೀಳ್ತಿದೆ, ಅಷ್ಟೇ!” ಎಂದು ಕಾರಿಡಾರಿನಿಂದಲೇ ಕೂಗಿ ಹೇಳಿದರು.

ಎಲ್ಲರೂ ತಲೆಯೆತ್ತಿ ನೋಡಿದರು. ಆ ಗಳಿಗೆಯನ್ನು ನಂದಕುಮಾರ್ ಬಿಡಲಿಲ್ಲ.

“ನೋಡಿದ್ರಾ? ಅಕ್ಕ ಕರೆದರೆ ಬರ್ತಾರೆ, ಅಕ್ಕ ಹೋಗು ಅಂದರೆ ಹೋಗ್ತಾರೆ! ಒಡಹುಟ್ಟಿದ ರಕ್ತ ಅಂದ್ರೆ ಇದು!”

ಮೆಟ್ಟಿಲಿಳಿಯುವಷ್ಟರಲ್ಲಿ ಇಂದುಮತಮ್ಮ ಮಹಾತಾಯಿಯಾಗಿದ್ದರು. ಸೂತಕದ ಮನೆಯಲ್ಲಿ ನಮಸ್ಕರಿಸಬಾರದೆಂಬುದನ್ನೂ ಮರೆತು ಜನ ಕಾಲಿಗೆ ಬಿದ್ದರು. “ಏಳ್ರಪ್ಪಾ, ಗಾಜು ಕಣ್ರಪ್ಪಾ” ಎಂದು ಆಕೆ ಹೇಳುತ್ತಿದ್ದರೆ, ಅದೇ ಮಂತ್ರವೆಂಬಂತೆ ಕೇಳಿಸಿಕೊಂಡರು. ಒಬ್ಬ ಹೆಂಗಸು ಕಿವಿಯ ಹತ್ತಿರ ಬಂದು, “ಆಂಟಿ, ನಮ್ಮ ಗ್ರೀನ್ ಕಾರ್ಡ್ ವಿಷಯ ಅಂಕಲ್ ಹತ್ರ ಸ್ವಲ್ಪ ಮೆನ್ಶನ್ ಮಾಡ್ತೀರಾ?” ಎಂದಳು.

“ಅವನದೇ ಇನ್ನೂ ಇತ್ಯರ್ಥ ಆಗಿಲ್ಲಮ್ಮ” ಎಂದು ಹೇಳಿ ಇಂದುಮತಮ್ಮ ದೇವರ ಕೋಣೆಗೆ ನುಸುಳಿದರು. ನಂದಕುಮಾರ್ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದರು.

“ನಿಮಗೆ ಮೊದಲೇ ಗೊತ್ತಿತ್ತು” ಎಂದರು ಇಂದುಮತಮ್ಮ.

“ಗೊತ್ತಿರೋದು ಬೇರೆ, ಹೇಳೋದು ಬೇರೆ ಅಮ್ಮ. ಜನ ಕಷ್ಟದಲ್ಲಿದ್ದಾಗ ಒಂದು ಒಳ್ಳೇ ಮಾತು ಬೇಕು. ಅದಿರಲಿ, ನಿಮಗೆ ಮಂಗಳವಾರ ತಾನೆ ಬೇಕಾಗಿರೋದು? ಹೊರಗೆ ಬಂದು ಒಂದು ಮಾತು ಹೇಳಿಬಿಡಿ. ‘ತಮ್ಮ ನನ್ನ ಹತ್ತಿರ ಅಪ್ಪಣೆ ಕೇಳಿದ, ಮಂಗಳವಾರ ಹೊರಡ್ತೀನಿ ಅಂದ’ ಅಂತ. ನಾನೂ ಹೌದು ಅಂತೀನಿ. ಕರ್ಮ ಹೊತ್ತಿಗೆ ಸರಿಯಾಗಿ ಆಗುತ್ತೆ, ಯಾರ ಮುಖವೂ ಸಣ್ಣದಾಗಲ್ಲ.”

ಇಂದುಮತಮ್ಮ ಕೂಡಲೇ ಇಲ್ಲ ಎನ್ನಲಿಲ್ಲ. ದೇವರ ಕೋಣೆಯಲ್ಲಿ ನಿಂತು ಸುಳ್ಳು ಹೇಳಬೇಕೆಂದು ಆಕೆಗೆ ನಿಜವಾಗಿಯೂ ಮನಸ್ಸಾಯಿತು. ಒಂದೇ ಮಾತು. ತಮ್ಮನಿಗೆ ಹಸಿವು ನೀಗುತ್ತದೆ, ದಾರಿ ಮುಗಿಯುತ್ತದೆ. ಅವನೇನು ಎದ್ದು ಬಂದು ಕೇಳುತ್ತಾನೆಯೇ? ಹೀಗೆ ಯೋಚಿಸುವಾಗ, ಜೀವಮಾನವೆಲ್ಲ ಮಕ್ಕಳ ಮುಂದೆ ಇರುವುದನ್ನು ಇರುವ ಹಾಗೆ ಹೇಳಿಕೊಂಡು ಬಂದವನಿಗೆ ಕೊನೆಯ ಪ್ರಯಾಣದ ಬುತ್ತಿಯಲ್ಲಿ ಈ ಮಾತನ್ನು ಕಟ್ಟಿಕೊಡುತ್ತಿದ್ದೇನಲ್ಲ ಎನಿಸಿತು.

“ನಿಮ್ಮ ಚೀಟಿಯಲ್ಲಿ ಫೋನ್ ನಂಬರು ದೊಡ್ಡದಾಗಿದೆ, ದೇವರ ಹೆಸರೇ ಇಲ್ಲ. ದಾರಿ ಬಿಡಿ” ಎಂದು ಆಕೆ ಹೊರಟರು.

ದುಷ್ಯಂತ ಗ್ಯಾರೇಜಿನಲ್ಲಿ ಸಿಕ್ಕಿದ. ಜನರಿಂದ ತಪ್ಪಿಸಿಕೊಂಡು, ಕಾರಿಗೆ ಒರಗಿ ನಿಂತಿದ್ದ.

“ನಿನ್ನ ಕೆಲಸ ಏನೋ ದುಷ್ಯಂತ?”

“ಈಗ ಯಾಕತ್ತೆ ಅದೆಲ್ಲ?”

“ಹೇಳೋ.”

“ಫೈಬರ್. ಗಾಜಿನ ಎಳೆಯಲ್ಲಿ ಬೆಳಕು ಕಳಿಸೋದು. ಒಂದೇ ಎಳೆಯಲ್ಲಿ ಬೇರೆಬೇರೆ ಬಣ್ಣ ಸೇರಿಸಿ ಕಳಿಸ್ತೀವಿ. ಆ ಕಡೆ ಬಿಡಿಸ್ಕೊಳ್ತಾರೆ.”

“ಹಾಗೆ ಬಿಡಿಸಿದಾಗ ನಿಮ್ಮ ಆಫೀಸಿನಲ್ಲಿ ಯಾರ ಯಾರ ಅಪ್ಪಂದಿರು ಬರ್ತಾರೆ?”

ದುಷ್ಯಂತ ತಲೆ ಬಗ್ಗಿಸಿದ. ಇಂದುಮತಮ್ಮನ ನಾಲಗೆಯ ತುದಿಯಲ್ಲಿ ಇನ್ನೂ ನಾಲ್ಕು ಮಾತು ಸಿದ್ಧವಾಗಿದ್ದವು. ಅಷ್ಟರಲ್ಲಿ ಅವನ ಭುಜ ಅಲುಗುವುದು ಕಾಣಿಸಿತು.

“ಶುಕ್ರವಾರ ನೋಡಿದ ತಕ್ಷಣವೇ ಗೊತ್ತಾಯ್ತು ಅತ್ತೆ. ಎಲ್ಲಿಂದ ಬರ್ತಿದೆ ಅಂತಲೂ ಗೊತ್ತಾಯ್ತು. ಮೇಲೆ ಹೋಗಿ ನೋಡಿಬಂದೆ” ಎಂದ. “ಹೂಸ್ಟನ್‌ನಲ್ಲಿ ದಹನ ಎಲ್ಲ ಎಷ್ಟು ಬೇಗ ಮುಗಿದುಹೋಯ್ತು ನೋಡಿದ್ರಲ್ಲ. ಬಟನ್ ಒತ್ತಿ ಅಂದ್ರು, ಒತ್ತಿದೆ. ನೆಕ್ಸ್ಟ್ ಫ್ಯಾಮಿಲಿ ಕಾಯ್ತಿದಾರೆ ಅಂದ್ರು, ಹೊರಗೆ ಬಂದೆ. ಈ ಬೆಳಕು ದಿನಾ ಬಂದು ಅಪ್ಪನ ಮುಖದ ಮೇಲೆ ಸ್ವಲ್ಪ ಹೊತ್ತು ಇದ್ದು ಹೋಗುತ್ತೆ. ಸುಳ್ಳು ಅಂತ ಗೊತ್ತಿದ್ದೂ ಅದಕ್ಕೇ ಕಾಯ್ತಾ ಇದ್ದೆ. ಶನಿವಾರದ ತನಕ ಇರಲಿ ಅನ್ನಿಸ್ತು.”

ಇಂದುಮತಮ್ಮ ಸಿದ್ಧವಾಗಿದ್ದ ಮಾತುಗಳನ್ನು ನುಂಗಿಕೊಂಡರು.

“ನಾನೂ ಮೊದಲ ದಿನ ಕೈಮುಗಿದೆ ಕಣೋ” ಎಂದರು. “ಆದರೆ ನಮಗೆ ಅವನನ್ನ ನೋಡೋ ಆಸೆ ಅಂತ ಅವನನ್ನ ಹಸಿವಿನಲ್ಲಿ ನಿಲ್ಲಿಸಬಾರದಪ್ಪ. ಊರಿನವರು ಕಳಿಸಿದರೆ ಆಗಲ್ಲ, ನಾನು ಕಳಿಸಿದರೂ ಆಗಲ್ಲ. ಮಗ ನೀನು. ನೀನೇ ಕೈಯಾರೆ ಕಳಿಸಿಕೊಡಬೇಕು.”

ದುಷ್ಯಂತ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಹಜಾರಕ್ಕೆ ಹೋದ. ರಿಮೋಟು ಒತ್ತಿದ. ಪರದೆ ಗುಯ್ಯೆಂದು ಇಳಿಯಿತು. ಪಟದ ಮೇಲಿನ ಬಣ್ಣ ಅಳಿಸಿಹೋಯಿತು. ಜನರ ಕಡೆ ತಿರುಗಿ, ಆ ಕಿಟಕಿಯಲ್ಲಿ ಪ್ರಿಸಂ ಇದೆ, ಬಿಸಿಲು ಅದರಲ್ಲಿ ಬಾಗಿ ಬಣ್ಣ ಬಣ್ಣವಾಗಿ ಗೋಡೆಗೆ ಬೀಳುತ್ತಿದೆ, ಇದು ತನಗೆ ಮೊದಲ ದಿನವೇ ಗೊತ್ತಿತ್ತು ಎಂದು ಹೇಳಿದ. “ನಮ್ಮಪ್ಪ ಇದ್ದಿದ್ದರೆ ನಿಮ್ಮನ್ನೆಲ್ಲ ಕೂರಿಸಿ ಬೋರ್ಡಿನ ಮೇಲೆ ಬರೆದು ತೋರಿಸ್ತಿದ್ದರು. ಕರ್ಮ ಮಂಗಳವಾರ ಬೆಳಿಗ್ಗೆ, ಇಲ್ಲೇ. ಬರೋರು ದಯವಿಟ್ಟು ಬನ್ನಿ.”

ಇಂಥ ಸಭೆಯಲ್ಲಿ ನಿಜ ಹೇಳಿದವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. “ಸೈನ್ಸ್ ಎಲ್ಲ ಓಕೆ, ಆದರೆ ಟೈಮಿಂಗ್? ಅದನ್ನ ಯಾರು ಎಕ್ಸ್‌ಪ್ಲೇನ್ ಮಾಡ್ತಾರೆ?” ಎಂದು ಒಬ್ಬರು ಗೊಣಗಿದರು. ಮಗನಿಗೇ ಶ್ರದ್ಧೆ ಇಲ್ಲದ ಮೇಲೆ ಹೋದವರು ಯಾಕೆ ನಿಲ್ಲುತ್ತಾರೆ ಎಂದು ಇನ್ನೊಬ್ಬರು ತೀರ್ಮಾನಿಸಿದರು. ತುಳಸಿ, “ಇಷ್ಟು ಜನರ ಮುಂದೆ ಹೇಳಬೇಕಾಗಿತ್ತಾ?” ಎಂದು ಗಂಡನನ್ನು ನೋಡಿ, ಅವನ ಕಣ್ಣು ಕೆಂಪಾಗಿರುವುದು ಕಂಡು, ಮಾತು ಬಿಟ್ಟು ಹತ್ತಿರ ಹೋಗಿ ನಿಂತಳು. ನಂದಕುಮಾರರ ಮುಖವಂತೂ ಸಣ್ಣದಾಗಲಿಲ್ಲ. “ನಾನು ಹೇಳಿದ್ದೂ ಅದೇ ಅಲ್ವಾ? ಕ್ರಿಸ್ಟಲ್ ಕೆಲಸ ಮಾಡ್ತಿದೆ ಅಂತ!” ಎಂದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಮೂರು ಮನೆಯವರು ತಮಗೂ ಅಂಥದ್ದೇ ಒಂದು ಬೇಕೆಂದು ಅವರಿಗೆ ವಿಳಾಸ ಕೊಟ್ಟರು.

ಮಂಗಳವಾರ ಚಳಿ ಇತ್ತು. ಮನೆಯೊಳಗೆ ಹೊಗೆಯಾದರೆ ಅಗ್ನಿಶಾಮಕದವರಿಗೆ ಗಂಟೆ ಹೊಡೆಯುತ್ತದೆಂದು ಗ್ಯಾರೇಜಿನಲ್ಲೇ ಅಗ್ನಿ ಹೂಡಿ, ಬಾಗಿಲನ್ನು ಅರ್ಧ ಎತ್ತಿಟ್ಟರು. ಭಾಸ್ಕರ ಭಟ್ಟರು ಮನೆಯಿಂದಲೇ ಕೆಲಸ ಮಾಡುವೆನೆಂದು ಆಫೀಸಿಗೆ ತಿಳಿಸಿ ಬಂದಿದ್ದರು; ಲ್ಯಾಪ್‌ಟಾಪು ದರ್ಭೆಯ ಪಕ್ಕದಲ್ಲಿ ತೆರೆದೇ ಇತ್ತು. ಆದರೂ ಮಂತ್ರದಲ್ಲಿ ಒಂದಕ್ಷರ ನುಂಗಲಿಲ್ಲ. ಬೆಳಕು ನೋಡಲು ಹಜಾರ ತುಂಬಿದ್ದವರಲ್ಲಿ ಪಿಂಡ ನೋಡಲು ಯಾರೂ ಬರಲಿಲ್ಲ. ಶಾಂತವ್ವ ಮಾತ್ರ ಶಾಲು ಹೊದ್ದುಕೊಂಡು ಬಂದರು.

“ಮಾಸ್ತರ ಗ್ವಾಡಿ ಮ್ಯಾಲ ಬರ್ಲಿ ಬಿಡ್ಲಿ, ನಾ ಬರಬೇಕಲ್ರಿ ಅಕ್ಕಾರ” ಎಂದು ಮೂಲೆಯಲ್ಲಿ ಕುಳಿತರು. ಇಂದುಮತಮ್ಮ ಅವರ ಕೈ ಹಿಡಿದುಕೊಂಡರು.

ದುಷ್ಯಂತ ಭಟ್ಟರು ಹೇಳಿದಂತೆ ಅಪ್ಪನ ಹೆಸರಿನ ನೀಳವಾದ ಪಿಂಡವನ್ನು ಬಿಡಿಸಿ, ಒಂದು ಭಾಗವನ್ನು ತಾತನದರಲ್ಲಿ, ಒಂದನ್ನು ಮುತ್ತಾತನದರಲ್ಲಿ, ಒಂದನ್ನು ಅವರ ಅಪ್ಪನದರಲ್ಲಿ ಸೇರಿಸಿದ. ಕೊನೆಯ ಭಾಗ ಸೇರಿಸುವಾಗ ಅವನ ಕೈ ತಡೆಯಿತು. ಭಟ್ಟರು ಅವಸರಪಡಿಸಲಿಲ್ಲ. ಅವನಾಗಿಯೇ ಒತ್ತಿ ಸೇರಿಸಿ, ಕಣ್ಣುಮುಚ್ಚಿ ನಮಸ್ಕರಿಸಿದ. ಹೊರಗೆ ಹುಲ್ಲಿನ ಮೇಲೆ ಇಟ್ಟ ಅನ್ನಕ್ಕೆ ಕಾಗೆ ಬರಲಿಲ್ಲ. ಈ ಊರಿನ ಉದ್ದ ಬಾಲದ ಕರಿಯ ಹಕ್ಕಿಗಳು ಬಂದು, ಒಂದನ್ನೊಂದು ಬೈದುಕೊಂಡು, ತಿಂದುಹೋದವು. ಅವೂ ಕರಿಯವೇ, ಸಾಕು ಎಂದರು ಭಟ್ಟರು.

ಎಲ್ಲ ಮುಗಿದು ಒಳಗೆ ಎಲೆ ಹಾಕುತ್ತಿದ್ದಾಗ ಇಂದುಮತಮ್ಮ ಆರುತ್ತಿದ್ದ ಅಗ್ನಿಯ ಮುಂದೆ ಒಬ್ಬರೇ ಕುಳಿತು ಕೈಮುಗಿದರು.

“ನಾರಾಯಣ, ನನ್ನ ತಮ್ಮನನ್ನು ಇವತ್ತು ಹಿರಿಯರ ಜೊತೆ ಕೂಡಿಸಿದ್ದೇವೆ. ಗ್ಯಾರೇಜಿನಲ್ಲಿ ಮಾಡಿದರೆಂದು ಕಡಿಮೆ ಎಣಿಸಬೇಡ; ಮಗ ಮನಸ್ಸಿಟ್ಟು ಮಾಡಿದ್ದಾನೆ. ನಮ್ಮವನು ಪ್ರಶ್ನೆ ಜಾಸ್ತಿ ಕೇಳುತ್ತಾನೆ, ಬೇಸರಪಡದೆ ಹತ್ತಿರ ಕೂರಿಸಿಕೋ. ಇನ್ನು ಅವನಿಗೆ ಹಸಿವು ಬೇಡ, ನೀರಡಿಕೆ ಬೇಡ, ನಡೆಯುವ ದಾರಿ ಬೇಡ. ನಾವು ಅತ್ತರೂ ಅದು ಅವನಿಗೆ ಕೇಳಿಸದಿರಲಿ. ನನ್ನ ಪ್ರಭಂಜನನಿಗೆ ಶಾಂತಿ ಕೊಡು, ಸ್ವಾಮಿ.”